ಕಾಲ್ಚೆಂಡಾಟವು ನೀರಸವಾಯಿತೆ?

ಯಾವ ಕಲೆಯ ವಿಷಯದಲ್ಲಾಗಲಿ, ಯಾವ ಆಟದ ವಿಷಯದಲ್ಲಾಗಲಿ, “ಹಿಂದಿನ ಸೊಗಸು ಈಗಿಲ್ಲ” ಎಂಬ ಮಾತು ಪ್ರತಿಯೊಂದು ತಲೆಮಾರಿನಲ್ಲಿಯೂ ಕೇಳಿಬರುವುದುಂಟು. ಸಂಗೀತವನ್ನು ಕೇಳುವವರು ಹಾಗೆನ್ನುತ್ತಾರೆ. ನಾಟಕವನ್ನು ನೋಡುವವರು ಹಾಗೆನ್ನುತ್ತಾರೆ. ಮನೆಯ ಹಿರಿಯರು ಸಾರಿನ ವಿಷಯದಲ್ಲಿಯೂ ಹಾಗೆಯೇ ಎನ್ನುತ್ತಾರೆ. ಈಚೆಗೆ ಕೆಲವು ವರ್ಷಗಳಿಂದ ಇದೇ ಮಾತನ್ನು ಯೂರೋಪಿನ, ಅದರಲ್ಲಿಯೂ ಇಂಗ್ಲೆಂಡಿನ, ಉನ್ನತ ಶ್ರೇಣಿಯ ಕಾಲ್ಚೆಂಡಾಟದ ವಿಷಯವಾಗಿ ಕೇಳುತ್ತಿದ್ದೇವೆ. ಆ ಆಟ ನಡೆಯುವುದು ಸಮುದ್ರದಾಚೆ. ಆದರೆ ಅದನ್ನು ನೋಡುವ ಕಣ್ಣುಗಳು ನಮ್ಮ ಮನೆಗಳಲ್ಲಿಯೂ ಇವೆ. ಶನಿವಾರ ಭಾನುವಾರಗಳಲ್ಲಿ ರಾತ್ರಿಯ ಊಟದ ಹೊತ್ತಿಗೆ ಸರಿಯಾಗಿ ಅಲ್ಲಿನ ಪಂದ್ಯಗಳು ಇಲ್ಲಿನ ಟೆಲಿವಿಷನ್ನಿನಲ್ಲಿಯೂ ಕೈಯ ಫೋನಿನಲ್ಲಿಯೂ ಮೂಡುತ್ತವೆ. ನೋಡುತ್ತ ಕುಳಿತ ತಂದೆಯು, “ಇವರು ಆಟಗಾರರಲ್ಲ, ಯಂತ್ರಗಳು, ನೋಡುತ್ತಿದ್ದರೆ ನಿದ್ರೆ ಬರುತ್ತದೆ” ಎನ್ನುವನು. ಮಗನು, “ಇಷ್ಟು ವೇಗ, ಇಷ್ಟು ಚಾತುರ್ಯ ನಿಮ್ಮ ಕಾಲದಲ್ಲಿ ಎಲ್ಲಿತ್ತು?” ಎಂದು ಕೇಳುವನು. ಇಬ್ಬರೂ ಒಂದೇ ಪಂದ್ಯವನ್ನು ನೋಡಿಯೇ ಹೀಗೆನ್ನುವುದರಿಂದ, ಈ ವಿವಾದವನ್ನು ಸಾವಧಾನವಾಗಿ ವಿಚಾರಿಸುವುದು ಯುಕ್ತವೆಂದು ನಮಗೆ ತೋರಿತು.

ನಮ್ಮ ಶಾಸ್ತ್ರಗಳಲ್ಲಿ ಒಂದು ಒಳ್ಳೆಯ ಪದ್ಧತಿಯುಂಟು. ಒಂದು ವಾದವನ್ನು ಪರೀಕ್ಷಿಸಬೇಕಾದವನು ಮೊದಲು ಅದನ್ನು ಅದರ ಪಕ್ಷದವರೇ ಒಪ್ಪುವಷ್ಟು ಚೆನ್ನಾಗಿ ಹೇಳಬೇಕು, ಅದು ಪೂರ್ವಪಕ್ಷ. ಆಮೇಲೆ ತನ್ನ ನಿರ್ಣಯವನ್ನು ಹೇಳಬೇಕು, ಅದು ಸಿದ್ಧಾಂತ. ಆ ಕ್ರಮವನ್ನೇ ಇಲ್ಲಿಯೂ ಅನುಸರಿಸುವೆವು.

ದೂರುವವರು ಹೇಳುವುದೇನೆಂದರೆ: ಗೋಲ್‌ಕೀಪರನು ಚೆಂಡನ್ನು ಪಕ್ಕದ ರಕ್ಷಕನಿಗೆ ಕೊಡುವನು, ಅವನು ಇನ್ನೊಬ್ಬ ರಕ್ಷಕನಿಗೆ, ಅವನು ಮರಳಿ ಗೋಲ್‌ಕೀಪರನಿಗೆ. ಹೀಗೆ ಹತ್ತಾರು ಸಲ ಆದಮೇಲೆ ಚೆಂಡು ಮೈದಾನದ ನಡುಗೆರೆಯನ್ನು ದಾಟುವುದು. ಅಂಚಿನಲ್ಲಿ ಓಡತಕ್ಕ ಆಟಗಾರನು ಎದುರಾಳಿಯ ಮುಂದೆ ಬಂದು, ಅವನನ್ನು ವಂಚಿಸಿ ಮುನ್ನುಗ್ಗುವ ಸಾಹಸವನ್ನು ಮಾಡದೆ, ಹಿಂದಿರುಗಿ ಚೆಂಡನ್ನು ಜೊತೆಯವನಿಗೆ ಒಪ್ಪಿಸುವನು. ದೂರದಿಂದ ಗೋಲಿಗೆ ಗುರಿಯಿಟ್ಟು ಒದೆಯುವವರು ವಿರಳರಾದರು. ಮೂಲೆಯ ಒದೆತ ಬಂದಿತೆಂದರೆ ಹತ್ತು ಹದಿನೈದು ಮಂದಿ ಗೋಲಿನ ಮುಂದೆ ಒಬ್ಬರನ್ನೊಬ್ಬರು ತಬ್ಬಿ ಎಳೆದಾಡುವರು. ಅದು ಕುಸ್ತಿಯೋ ಕಾಲ್ಚೆಂಡೋ ತಿಳಿಯದು. ಗೋಲಾದರೆ ಕುಣಿಯುವುದಕ್ಕೂ ಎಲ್ಲಿಯೋ ಕುಳಿತ ಅಧಿಕಾರಿಯ ಅಪ್ಪಣೆಗಾಗಿ ಕಾಯಬೇಕು. ಕಡೆಗೆ ಯಾರು ಗೆಲ್ಲುವರೆಂಬುದನ್ನು ಹಣದ ಚೀಲದ ತೂಕವನ್ನು ನೋಡಿ ವರ್ಷದ ಮೊದಲೇ ಹೇಳಿಬಿಡಬಹುದು. ಇದಿಷ್ಟು ಪೂರ್ವಪಕ್ಷ. ಇದರಲ್ಲಿ ದಿಟವೆಷ್ಟು, ಮುನಿಸೆಷ್ಟು ಎಂಬುದನ್ನು ನೋಡೋಣ.

ಮೊದಲು ಲೆಕ್ಕವನ್ನು ನೋಡುವೆವು. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಆರಂಭವಾದುದು 1992ರಲ್ಲಿ. ಆ ಮೊದಲ ಋತುವಿನಲ್ಲಿ, ಎಂದರೆ 1992-93ರಲ್ಲಿ, 462 ಪಂದ್ಯಗಳಲ್ಲಿ 1,222 ಗೋಲುಗಳಾದುವು; ಪಂದ್ಯವೊಂದಕ್ಕೆ 2.65ರ ಸರಾಸರಿ. 2006-07ರಲ್ಲಿ 380 ಪಂದ್ಯಗಳಿಗೆ 931 ಗೋಲುಗಳು ಮಾತ್ರ, ಸರಾಸರಿ 2.45. ಆದರೆ 2023-24ರಲ್ಲಿ ಅಷ್ಟೇ ಪಂದ್ಯಗಳಿಗೆ 1,246 ಗೋಲುಗಳಾಗಿ, ಸರಾಸರಿಯು 3.28ಕ್ಕೆ ಏರಿತು. 380 ಪಂದ್ಯಗಳ ಋತುಗಳು ಬಂದಂದಿನಿಂದ ಅದಕ್ಕೆ ಸಮನಾದುದು ಅದುವರೆಗೆ ಆಗಿರಲಿಲ್ಲ. ಗೋಲುಗಳು ಕಡಿಮೆಯಾದುದರಿಂದ ಆಟ ಬಣಗುಟ್ಟಿತೆಂದು ಹೇಳುವವರಿಗೆ ಈ ಅಂಕಿಗಳು ಆಧಾರ ಕೊಡುವುದಿಲ್ಲ.

ಎರಡನೆಯದಾಗಿ, ಹಿಂದಿನದು ಸೊಗಸಾಗಿತ್ತೆಂಬ ನೆನಪನ್ನೂ ಪರೀಕ್ಷಿಸಬೇಕು. ಇಂಗ್ಲೆಂಡಿನಲ್ಲಿ ‘ಮ್ಯಾಚ್ ಆಫ್ ದಿ ಡೇ’ ಎಂಬ ಟೆಲಿವಿಷನ್ ಕಾರ್ಯಕ್ರಮವು ಆರಂಭವಾದುದು 1964ರಲ್ಲಿ. ಅದರಲ್ಲಿ ತೋರಿಸುತ್ತಿದ್ದುದು ಇಡೀ ಪಂದ್ಯವನ್ನಲ್ಲ, ಆಯ್ದ ಭಾಗಗಳನ್ನು. ಲೀಗಿನ ಪಂದ್ಯಗಳನ್ನು ಅಲ್ಲಿ ಆದ್ಯಂತವಾಗಿ, ನಡೆದ ಹೊತ್ತಿನಲ್ಲಿಯೇ, ಕ್ರಮವಾಗಿ ತೋರಿಸಲು ಮೊದಲು ಮಾಡಿದುದು 1983ರಲ್ಲಿ. ಆದುದರಿಂದ ಹಳೆಯ ಕಾಲದ ಆಟವೆಂದು ನಾವು ಈಗ ನೋಡುವುದು ಬಹುಮಟ್ಟಿಗೆ ಜರಡಿ ಹಿಡಿದ ಅಕ್ಕಿ. ಕಲ್ಲನ್ನೂ ಹೊಟ್ಟನ್ನೂ ಯಾರೋ ಮೊದಲೇ ತೆಗೆದಿರುವರು. ಹೊಸ ಆಟವನ್ನಾದರೋ ನಾವು ಕಲ್ಲುಸಹಿತವಾಗಿಯೇ ನೋಡುತ್ತೇವೆ. 1990ರ ವಿಶ್ವಕಪ್ಪನ್ನು ಇಡಿಯಾಗಿ ನೋಡಿದವರಿಗೆ ಇದು ತಿಳಿದಿರುವುದು. ಅಲ್ಲಿ 52 ಪಂದ್ಯಗಳಲ್ಲಿ 115 ಗೋಲುಗಳು ಮಾತ್ರ ಆದುವು. ಅಂತಿಮ ಪಂದ್ಯದಲ್ಲಿ ಆರ್ಜೆಂಟೈನಾದ ಇಬ್ಬರು ಹೊರಗೆ ಕಳುಹಿಸಲ್ಪಟ್ಟರು. ಪಶ್ಚಿಮ ಜರ್ಮನಿಯು ಕೊನೆಯ ಹೊತ್ತಿನಲ್ಲಿ ಬಂದ ಒಂದು ಪೆನಾಲ್ಟಿಯಿಂದ ಗೆದ್ದಿತು. 2003ರ ಚಾಂಪಿಯನ್ಸ್ ಲೀಗಿನ ಅಂತಿಮ ಪಂದ್ಯದಲ್ಲಿ ಮಿಲಾನ್ ಯುವೆಂಟಸ್ ತಂಡಗಳೆರಡೂ 120 ನಿಮಿಷ ಆಡಿ ಒಂದು ಗೋಲನ್ನೂ ಕಾಣಲಿಲ್ಲ. 2004ರಲ್ಲಿ ಗ್ರೀಸ್ ದೇಶವು ಯೂರೋಪಿನ ಪ್ರಶಸ್ತಿಯನ್ನು ಗೆದ್ದುದು, ಕಡೆಯ ಮೂರು ಪಂದ್ಯಗಳಲ್ಲಿಯೂ ಒಂದೊಂದೇ ಗೋಲನ್ನು ಹೊಡೆದು ಬಾಗಿಲು ಹಾಕಿಕೊಂಡುದರಿಂದ. ನೀರಸವಾದ ಆಟವು ಈ ಕಾಲದ ಹೊಸ ಸಂತಾನವಲ್ಲ.

ಇನ್ನೊಂದು ಮಾತನ್ನೂ ಮರೆಯಬಾರದು. ಹಿಂದಿನ ಸೊಗಸುಗಾರರು ತಮ್ಮ ಸೊಗಸಿಗೆ ಮೈಯಿಂದ ಬೆಲೆ ಕೊಡುತ್ತಿದ್ದರು. 1966ರ ವಿಶ್ವಕಪ್ಪಿನಲ್ಲಿ ಬ್ರೆಜಿಲಿನ ಪೆಲೆಯನ್ನು ಎದುರಾಳಿಗಳು ಒದೆದು ಒದೆದು ಕುಂಟುವಂತೆ ಮಾಡಿದರು. 1983ರಲ್ಲಿ ಸ್ಪೇನಿನಲ್ಲಿ ಆಡುತ್ತಿದ್ದ ಮರಡೋನನ ಕಾಲಿನ ಗಿಣ್ಣು ಎದುರಾಳಿಯ ಹೊಡೆತದಿಂದ ಮುರಿಯಿತು. ಈಗ ಹಿಂದಿನಿಂದ ಬಂದು ಹಾಗೆ ಕಾಲಿಗೆ ಬೀಳುವವನು ಕೆಂಪು ಚೀಟಿಯನ್ನು ಕಂಡು ಹೊರಗೆ ಹೋಗಬೇಕಾಗುವುದು. ಚಳಿಗಾಲದಲ್ಲಿ ಕೆಸರುಗದ್ದೆಗಳಾಗುತ್ತಿದ್ದ ಮೈದಾನಗಳು ಈಗ ಹಸಿರು ಜಮಖಾನದಂತಿವೆ. ಆಟಗಾರರ ಓಟ, ಚೆಂಡನ್ನು ಹಿಡಿತಕ್ಕೆ ತಂದುಕೊಳ್ಳುವ ಕೌಶಲ, ದೇಹದ ಸಿದ್ಧತೆ, ಇವೆಲ್ಲ ಹಿಂದಿಗಿಂತ ಮೇಲಾಗಿರುವುದನ್ನು ಅಲ್ಲಗಳೆಯುವವರು ಕಣ್ಣು ಮುಚ್ಚಿಕೊಂಡವರೇ ಸರಿ. ಇಲ್ಲಿಯವರೆಗೆ ಮಗನ ಪಕ್ಷವೇ ಗೆದ್ದಿತು.

ಹಾಗಾದರೆ ತಂದೆಯ ದೂರು ಬರಿಯ ಮುದಿತನದ ಗೊಣಗಾಟವೆ? ಅಲ್ಲವೆಂದು ನಮ್ಮ ಅಭಿಪ್ರಾಯ. ಅದು ಏತಕ್ಕೆಂದರೆ, ಕೌಶಲವೇ ಬೇರೆ, ರಸವೇ ಬೇರೆ. ಭರತಮುನಿಯ ಸಂಪ್ರದಾಯದಲ್ಲಿ ಅದ್ಭುತ ರಸಕ್ಕೆ ವಿಸ್ಮಯವನ್ನು ಸ್ಥಾಯಿಭಾವವೆಂದು ಹೇಳಿರುವರು. ಮುಂದೆ ಏನಾಗುವುದೆಂದು ನೋಡುವವನಿಗೆ ಮೊದಲೇ ತಿಳಿದಿದ್ದರೆ ವಿಸ್ಮಯ ಹುಟ್ಟುವುದಿಲ್ಲ; ವಿಸ್ಮಯ ಹುಟ್ಟದ ಕಡೆ, ಎಷ್ಟು ಚಾತುರ್ಯವಿದ್ದರೂ, ಅದ್ಭುತವಿಲ್ಲ. ಕಾಲ್ಚೆಂಡಾಟವು ಲೋಕದ ಬೇರೆ ಆಟಗಳಿಗಿಂತ ಹೆಚ್ಚು ಜನರನ್ನು ಸೆಳೆದುದು ಇದೇ ಕಾರಣದಿಂದ. ಅದರಲ್ಲಿ ಗೋಲುಗಳು ವಿರಳ. ಆದುದರಿಂದ ಒಂದೊಂದು ಗೋಲಿಗೂ ಬೆಲೆ ಅಪಾರ. ದುರ್ಬಲವಾದ ತಂಡವು ತೊಂಬತ್ತು ನಿಮಿಷ ತಡೆದು ನಿಂತು, ಒಂದೇ ಒಂದು ಕ್ಷಣದಲ್ಲಿ ಪ್ರಬಲನನ್ನು ಕೆಡವಬಹುದು. ಈ ಅನಿಶ್ಚಯವೇ ಆಟದ ಜೀವ. ರಸಕ್ಕೆ ಹಗೆಯಾದುದು ರಕ್ಷಣೆಯ ಆಟವೂ ಅಲ್ಲ, ನಿಧಾನವೂ ಅಲ್ಲ. ನಿಶ್ಚಯವೇ ಅದಕ್ಕೆ ಹಗೆ.

ಆದರೆ ತಂಡವನ್ನು ನಡೆಯಿಸುವ ಶಿಕ್ಷಕನ ಧರ್ಮವು ಪ್ರೇಕ್ಷಕನ ಬಯಕೆಗೆ ವಿರುದ್ಧವಾದುದು. ಪ್ರೇಕ್ಷಕನಿಗೆ ಬೇಕಾದುದು ಅನಿಶ್ಚಯ; ಶಿಕ್ಷಕನಿಗೆ ಬೇಕಾದುದು ನಿಶ್ಚಯ. ಸೋತರೆ ಅವನ ಉದ್ಯೋಗ ಹೋಗುವುದು. ಆದುದರಿಂದ ಅಪಾಯವನ್ನು ಕಡಿಮೆ ಮಾಡುವ ಉಪಾಯಗಳನ್ನು ಅವನು ಹುಡುಕುತ್ತಲೇ ಇರುವನು. ಅವನು ಅದರಲ್ಲಿ ಬಹಳ ಮುಂದೆ ಹೋದಾಗಲೆಲ್ಲ ನಿಯಮವನ್ನು ಮಾಡುವವರು ನಡುವೆ ಬಂದು ತಕ್ಕಡಿಯನ್ನು ಸರಿಮಾಡಿರುವರು. ಈ ಆಟದ ಚರಿತ್ರೆಯೆಲ್ಲ ಈ ಎರಡು ಶಕ್ತಿಗಳ ಜಗ್ಗಾಟವೆಂದೇ ಹೇಳಬಹುದು. ಅದಕ್ಕೆ ಎರಡು ನಿದರ್ಶನಗಳನ್ನು ಕೊಡುವೆವು.

ಮೊದಲನೆಯದು ಆಫ್‌ಸೈಡ್ ನಿಯಮ. ಚೆಂಡು ತನ್ನ ಕಡೆಗೆ ಬರುವಂತೆ ಒದೆಯಲ್ಪಡುವ ಕ್ಷಣದಲ್ಲಿ, ಚೆಂಡಿಗಿಂತ ಮುಂದೆ ನಿಂತ ಆಟಗಾರನಿಗೂ ಎದುರಾಳಿಯ ಗೋಲಿನ ಗೆರೆಗೂ ನಡುವೆ ಎದುರಾಳಿಗಳಲ್ಲಿ ಮೂವರಾದರೂ ಇರಬೇಕೆಂದು 1925ರವರೆಗೆ ನಿಯಮವಿತ್ತು. ನ್ಯೂಕ್ಯಾಸಲ್ ತಂಡದ ಬಿಲ್ ಮೆಕ್‌ಕ್ರ್ಯಾಕನ್ ಮೊದಲಾದ ಚತುರ ರಕ್ಷಕರು ಇದನ್ನೇ ಬಲೆಯಾಗಿ ಮಾಡಿಕೊಂಡರು. ಒಬ್ಬ ರಕ್ಷಕನು ಸರಿಯಾದ ಹೊತ್ತಿಗೆ ಎರಡು ಹೆಜ್ಜೆ ಮುಂದೆ ಬಂದರೆ ಸಾಕು, ಎದುರಾಳಿಗಳ ಸಾಲೆಲ್ಲ ತಪ್ಪಿನಲ್ಲಿ ಸಿಕ್ಕಿಬೀಳುತ್ತಿತ್ತು. ಆಟ ಗಳಿಗೆಗಳಿಗೆಗೂ ನಿಲ್ಲುತ್ತಿತ್ತು. 1925ರಲ್ಲಿ ಮೂವರೆಂಬುದನ್ನು ಇಬ್ಬರೆಂದು ತಿದ್ದಿದರು. ಇಂಗ್ಲೆಂಡಿನ ಫುಟ್‌ಬಾಲ್ ಲೀಗಿನ ಎಲ್ಲ ವಿಭಾಗಗಳಲ್ಲಿ ಸೇರಿ 1924-25ರಲ್ಲಿ 4,700 ಆಗಿದ್ದ ಗೋಲುಗಳು ಮುಂದಿನ ಋತುವಿನಲ್ಲಿ 6,373 ಆದುವು. 1927-28ರಲ್ಲಿ ಎವರ್ಟನ್ ತಂಡದ ಡಿಕ್ಸಿ ಡೀನ್ ಒಬ್ಬನೇ ಲೀಗಿನಲ್ಲಿ 60 ಗೋಲುಗಳನ್ನು ಹೊಡೆದನು. ಶಿಕ್ಷಕರೇನೂ ಸುಮ್ಮನೆ ಕುಳಿತವರಲ್ಲ. ಆರ್ಸೆನಲ್ ತಂಡದ ಹರ್ಬರ್ಟ್ ಚ್ಯಾಪ್ಮನ್ ನಡುವಿನ ಆಟಗಾರನನ್ನು ಹಿಂದಕ್ಕೆ ತಂದು ಮೂರನೆಯ ರಕ್ಷಕನನ್ನಾಗಿ ನಿಲ್ಲಿಸಿದನು. ಮತ್ತೆ, ಆಟ ಕೆಟ್ಟಿತೆಂಬ ಕೂಗು ಎದ್ದಿತು.

ಎರಡನೆಯದು 1992ರ ತಿದ್ದುಪಡಿ. ಅದಕ್ಕೆ ಹಿಂದೆ ರಕ್ಷಕನು ಚೆಂಡನ್ನು ತನ್ನ ಗೋಲ್‌ಕೀಪರನಿಗೆ ಹಿಂದಕ್ಕೆ ಒದೆಯುವುದೂ, ಅವನು ಅದನ್ನು ಕೈಯಲ್ಲಿ ಎತ್ತಿಕೊಂಡು ಹೊತ್ತು ಕಳೆಯುವುದೂ ಸರಾಗವಾಗಿ ನಡೆಯುತ್ತಿದ್ದುವು. ಮುನ್ನಡೆ ದೊರೆತ ತಂಡಕ್ಕೆ ಇದಕ್ಕಿಂತ ನೆಮ್ಮದಿಯಾದ ಕೋಟೆ ಬೇರೆ ಬೇಕಿರಲಿಲ್ಲ. 1990ರ ವಿಶ್ವಕಪ್ಪಿನಲ್ಲಿ ಇದನ್ನು ಕಂಡು ಬೇಸತ್ತ ಮೇಲೆ, ಜೊತೆಯವನು ಬೇಕೆಂದೇ ಕಾಲಿನಿಂದ ಕೊಟ್ಟ ಚೆಂಡನ್ನು ಗೋಲ್‌ಕೀಪರನು ಕೈಯಿಂದ ಮುಟ್ಟಕೂಡದೆಂದು ವಿಧಿಸಿದರು. ಆಟಕ್ಕೆ ಮರುಹುಟ್ಟು ಬಂದಿತು. ಆದರೆ ಇಲ್ಲೊಂದು ಸ್ವಾರಸ್ಯವುಂಟು. ಕೈ ಕಟ್ಟಿಸಿಕೊಂಡ ಗೋಲ್‌ಕೀಪರನು ಕಾಲಿನಿಂದ ಆಡುವುದನ್ನು ಕಲಿಯಬೇಕಾಯಿತು. ಆ ಕಲಿಕೆ ಬೆಳೆದು ಬೆಳೆದು, 2019ರಲ್ಲಿ ಗೋಲ್‌ಕಿಕ್ಕನ್ನು ಪೆನಾಲ್ಟಿ ಚೌಕದೊಳಗೇ ಜೊತೆಯವನು ತೆಗೆದುಕೊಳ್ಳಬಹುದೆಂದು ನಿಯಮ ಬದಲಾದ ಮೇಲೆ, ಈಗ ತಂದೆಯು ದೂರುವ ಆ ಹಿಂಬದಿಯ ಕೊಡುಕೊಳ್ಳುವ ಆಟವಾಗಿ ನಿಂತಿದೆ. ಒಂದು ಬೇಸರಕ್ಕೆ ಕೊಟ್ಟ ಔಷಧವೇ ಇನ್ನೊಂದು ಬೇಸರದ ಬೀಜವಾಯಿತು.

ಈಗಿನ ಆಟದ ಮುದ್ರೆಯನ್ನು ಒತ್ತಿದವನು ಸ್ಪೇನಿನ ಪೆಪ್ ಗ್ವಾರ್ಡಿಯೋಲ. 2008ರಿಂದ 2012ರವರೆಗೆ ಬಾರ್ಸಿಲೋನ ತಂಡದಲ್ಲಿ, ಆಮೇಲೆ ಜರ್ಮನಿಯ ಬಯರ್ನ್ ತಂಡದಲ್ಲಿ, 2016ರಿಂದ ಮುಂದೆ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸಿಟಿಯಲ್ಲಿ ಅವನು ಕಲಿಸಿದುದರ ಸಾರವಿಷ್ಟು: ಚೆಂಡು ನಮ್ಮ ಬಳಿಯಿರುವವರೆಗೆ ಎದುರಾಳಿಯು ಗೋಲು ಹೊಡೆಯಲಾರನು, ಪ್ರತಿಯೊಬ್ಬನೂ ತನ್ನ ಸ್ಥಾನವನ್ನು ಬಿಡದೆ ನಿಂತರೆ ಎಲ್ಲಿಯೋ ಒಂದು ಕಡೆ ನಮ್ಮವನೊಬ್ಬನು ಬಿಡುವಾಗಿ ಸಿಕ್ಕಿಯೇ ಸಿಕ್ಕುವನು. 2017-18ರಲ್ಲಿ ಆ ತಂಡವು 100 ಅಂಕಗಳನ್ನೂ 106 ಗೋಲುಗಳನ್ನೂ ಗಳಿಸಿತು. ಇದನ್ನು ನೀರಸವೆನ್ನುವುದು ಅನ್ಯಾಯ. ದೋಷವಿರುವುದು ಅನುಕರಣದಲ್ಲಿ. ಮಹಾಕವಿಯೊಬ್ಬನು ಬರೆದ ಮೇಲೆ ಅವನ ಕಾವ್ಯದಿಂದ ಲಕ್ಷಣಗಳನ್ನು ಹೆಕ್ಕಿ, ಅವುಗಳನ್ನು ಬಾಯಿಪಾಠ ಮಾಡಿ, ಒಂದು ಛಂದೋಭಂಗವೂ ಇಲ್ಲದೆ ನೂರಾರು ಪದ್ಯಗಳನ್ನು ಕಟ್ಟಿದವರು ನಮ್ಮ ಸಂಸ್ಕೃತ ಸಾಹಿತ್ಯದಲ್ಲಿಯೂ ಉಂಟು. ಅವುಗಳಲ್ಲಿ ತಪ್ಪಿಲ್ಲ, ಓದಬೇಕೆಂಬ ಆಸೆಯೂ ಹುಟ್ಟುವುದಿಲ್ಲ. ಹಾಗೆಯೇ ಒಬ್ಬನ ಪ್ರತಿಭೆಯು ಹತ್ತಾರು ತಂಡಗಳಲ್ಲಿ ವ್ಯಾಕರಣವಾಗಿಬಿಟ್ಟಿತು.

ಇದರ ಜೊತೆಗೆ ಗಣಿತವೂ ಸೇರಿತು. ಈಗ ಪ್ರತಿಯೊಂದು ಒದೆತಕ್ಕೂ ಬೆಲೆ ಕಟ್ಟುವರು: ಇಂಥ ದೂರದಿಂದ, ಇಂಥ ಕೋನದಿಂದ ಒದೆದರೆ ನೂರಕ್ಕೆ ಎಷ್ಟು ಸಲ ಗೋಲಾಗುವುದು ಎಂದು. ಪೆನಾಲ್ಟಿಯಾದರೆ ನೂರಕ್ಕೆ ಸುಮಾರು 75. ಪೆನಾಲ್ಟಿ ಚೌಕದ ಹೊರಗಿನಿಂದಾದರೆ ನಾಲ್ಕೈದಾದರೆ ಹೆಚ್ಚು. ಲೆಕ್ಕ ಸರಿಯಾದುದೇ. ಆದುದರಿಂದಲೇ ದೂರದ ಒದೆತವನ್ನು ಶಿಕ್ಷಕರು ಬಿಡಿಸುತ್ತಿರುವರು. ಆದರೆ ಮೂವತ್ತು ಗಜ ದೂರದಿಂದ ಹಾರಿ ಗೋಲಿನ ಮೇಲ್ಮೂಲೆಯನ್ನು ಸೇರಿದ ಒಂದು ಚೆಂಡನ್ನು ಜನ ಮೂವತ್ತು ವರ್ಷ ನೆನೆಯುವರು. ಆ ನೆನಪಿಗೆ ಈ ಲೆಕ್ಕದ ಪುಸ್ತಕದಲ್ಲಿ ಅಂಕಣವಿಲ್ಲ. 2025-26ರ ಋತುವಿನ ಆರಂಭದಲ್ಲಿ ಇನ್ನೊಂದು ಬದಲಾವಣೆಯೂ ಕಾಣಬಂದಿತು. ಗೆರೆಯಾಚೆಯಿಂದ ಚೆಂಡನ್ನು ಕೈಯಿಂದ ಗೋಲಿನ ಮುಂದಕ್ಕೆ ದೂರ ಎಸೆಯುವುದೂ, ಮೂಲೆಯ ಒದೆತವನ್ನು ವ್ಯೂಹರಚನೆಯಂತೆ ಅಭ್ಯಾಸ ಮಾಡುವುದೂ ಮತ್ತೆ ಹೆಚ್ಚಿದುವು. ನಿಂತ ಚೆಂಡಿನಲ್ಲಿ ಅನಿಶ್ಚಯ ಕಡಿಮೆ, ಅಭ್ಯಾಸಕ್ಕೆ ಫಲ ಹೆಚ್ಚು. ಶಿಕ್ಷಕನು ತನ್ನ ಧರ್ಮವನ್ನು ಮಾಡಿದನು. ಪ್ರೇಕ್ಷಕನು ಎಸೆತಗಾರನು ಚೆಂಡನ್ನು ಬಟ್ಟೆಯಿಂದ ಒರೆಸುವುದನ್ನು ನೋಡುತ್ತ ಕುಳಿತನು.

ನಾವು ಬಹುಕಾಲ ಪಾಠಶಾಲೆಯಲ್ಲಿ ಉತ್ತರಪತ್ರಿಕೆಗಳನ್ನು ತಿದ್ದಿದವರು. ಅಲ್ಲಿಯೂ ಇದನ್ನೇ ಕಂಡಿದ್ದೇವೆ. ಪ್ರಶ್ನೆಗೆ ಎಷ್ಟು ಅಂಕವೆಂದು ತಿಳಿದು, ಅಷ್ಟೇ ಸಾಲು ಬರೆದು, ತಪ್ಪಾಗಬಹುದಾದ ಯಾವ ಮಾತಿಗೂ ಕೈಹಾಕದ ಹುಡುಗನು ತೇರ್ಗಡೆಯಾಗುವನು. ತಪ್ಪುಗಳ ನಡುವೆ ಒಂದು ಸ್ವಂತ ಮಾತನ್ನು ಬರೆದ ಹುಡುಗನ ಪತ್ರಿಕೆಯನ್ನಾದರೋ ನಾವು ಮನೆಯಲ್ಲಿ ಓದಿ ಹೇಳುತ್ತಿದ್ದೆವು. ಮೊದಲನೆಯವನನ್ನು ಬೈಯುವ ಹಾಗಿಲ್ಲ. ಅಂಕ ಕೊಡುವ ಕ್ರಮವೇ ಅವನನ್ನು ಹಾಗೆ ಮಾಡಿತು.

ಇದುವರೆಗೆ ಹೇಳಿದುದು ಆಟದೊಳಗಿನ ನಿಶ್ಚಯ. ಇನ್ನು ಫಲದಲ್ಲಿನ ನಿಶ್ಚಯ. 2017-18ರಿಂದ 2023-24ರವರೆಗಿನ ಏಳು ಋತುಗಳಲ್ಲಿ ಆರು ಸಲ ಇಂಗ್ಲೆಂಡಿನ ಪ್ರಶಸ್ತಿಯು ಮ್ಯಾಂಚೆಸ್ಟರ್ ಸಿಟಿಗೇ ಹೋಯಿತು. ಜರ್ಮನಿಯಲ್ಲಿ 2013ರಿಂದ 2023ರವರೆಗೆ ಬಯರ್ನ್ ತಂಡವು ಸಾಲಾಗಿ ಹನ್ನೊಂದು ಸಲ ಗೆದ್ದಿತು. ಟೆಲಿವಿಷನ್ನಿನ ಹಣ, ದೇಶವಿದೇಶಗಳ ಧನಿಕರ ಹಣ, ಇವು ಕೆಲವೇ ತಂಡಗಳಲ್ಲಿ ಸೇರಿದುವು. ಒಪ್ಪಂದ ಮುಗಿದ ಆಟಗಾರನು ಹಣ ತೆರದೆ ಬೇರೆ ತಂಡಕ್ಕೆ ಹೋಗಬಹುದೆಂದು ಯೂರೋಪಿನ ನ್ಯಾಯಾಲಯವು 1995ರಲ್ಲಿ ಕೊಟ್ಟ ಬಾಸ್‌ಮನ್ ತೀರ್ಪು ಆಟಗಾರನ ದೃಷ್ಟಿಯಿಂದ ನ್ಯಾಯವಾದುದೇ. ಆದರೆ ಚಿಕ್ಕ ಊರಿನ ತಂಡವು ತಾನು ಬೆಳೆಸಿದ ಹುಡುಗನನ್ನು ಉಳಿಸಿಕೊಳ್ಳುವುದು ಆಮೇಲೆ ಮತ್ತಷ್ಟು ಕಷ್ಟವಾಯಿತು. 2015-16ರಲ್ಲಿ ಲೆಸ್ಟರ್ ತಂಡವು ಪ್ರೀಮಿಯರ್ ಲೀಗನ್ನು ಗೆದ್ದಾಗ ಲೋಕವೆಲ್ಲ ಕುಣಿದುದು ಏಕೆ? ಋತುವಿನ ಮೊದಲಲ್ಲಿ ಪಣ ಕಟ್ಟುವವರು ಅದಕ್ಕೆ ಒಂದಕ್ಕೆ ಐದು ಸಾವಿರವೆಂದು ಹೇಳಿದ್ದರು. ಆ ಐದು ಸಾವಿರದಲ್ಲಿ ಒಂದರ ಆಸೆಯೇ ಪ್ರೇಕ್ಷಕನ ಜೀವನಾಡಿ. ಅದು ಇನ್ನೂ ಬತ್ತಿಲ್ಲ. 2023-24ರಲ್ಲಿ ಲೆವರ್‌ಕೂಸನ್ ತಂಡವು ಒಂದು ಪಂದ್ಯವನ್ನೂ ಸೋಲದೆ ಬಯರ್ನಿನ ಸರಪಣಿಯನ್ನು ಕಡಿಯಿತು. 2025ರಲ್ಲಿ ಕ್ರಿಸ್ಟಲ್ ಪ್ಯಾಲೇಸ್ ತಂಡವು ಮ್ಯಾಂಚೆಸ್ಟರ್ ಸಿಟಿಯನ್ನೇ ಸೋಲಿಸಿ ಎಫ್.ಎ. ಕಪ್ಪನ್ನು ಗೆದ್ದಿತು, ಅದು ಆ ತಂಡದ ಮೊದಲನೆಯ ದೊಡ್ಡ ಪ್ರಶಸ್ತಿ.

ಮೂರನೆಯದು ತೀರ್ಪಿನಲ್ಲಿನ ನಿಶ್ಚಯ. ಇದೇ ನಮಗೆ ಎಲ್ಲಕ್ಕಿಂತ ಹೆಚ್ಚಾಗಿ ಮನಸ್ಸಿಗೆ ತಾಗುವ ವಿಷಯ. ರೆಫರಿಯ ತೀರ್ಪನ್ನು ಚಿತ್ರದ ಸಹಾಯದಿಂದ ಪರೀಕ್ಷಿಸುವ ವಿ.ಎ.ಆರ್. ಏರ್ಪಾಡು 2018ರ ವಿಶ್ವಕಪ್ಪಿನಲ್ಲಿಯೂ, 2019-20ರಿಂದ ಪ್ರೀಮಿಯರ್ ಲೀಗಿನಲ್ಲಿಯೂ ಜಾರಿಗೆ ಬಂದಿತು. ಅದರ ಉದ್ದೇಶ ಒಳ್ಳೆಯದು. 1986ರಲ್ಲಿ ಮರಡೋನನು ಕೈಯಿಂದ ಹೊಡೆದ ಗೋಲನ್ನು ರೆಫರಿ ಒಪ್ಪಿದಂಥ ಅನ್ಯಾಯಗಳು ಮತ್ತೆ ಆಗಬಾರದೆಂಬುದು ಅದರ ಗುರಿ. ಆದರೆ ಈಗ ಗೋಲಾದೊಡನೆ ಆಗುವುದೇನು? ಮನೆಯ ಹುಡುಗರು ಎದ್ದು ಕೂಗುವರು. ಕೂಗು ಗಂಟಲಿನಲ್ಲಿರುವಾಗಲೇ ಕುಳಿತುಕೊಳ್ಳುವರು. ಪರದೆಯ ಮೇಲೆ ಗೆರೆಗಳನ್ನು ಎಳೆದು, ಆಟಗಾರನ ಭುಜವು ನಾಲ್ಕು ಬೆರಳಿನಷ್ಟು ಮುಂದಿತ್ತೋ ಇಲ್ಲವೋ ಎಂದು ಅಳೆಯುವರು. 2025ರ ಮಾರ್ಚಿಯಲ್ಲಿ ಬೋರ್ನ್‌ಮತ್ ಮತ್ತು ವುಲ್ವ್ಸ್ ತಂಡಗಳ ಎಫ್.ಎ. ಕಪ್ ಪಂದ್ಯದಲ್ಲಿ ಒಂದು ಗೋಲಿನ ಪರೀಕ್ಷೆಗೆ ಸುಮಾರು 8 ನಿಮಿಷ ಹಿಡಿಯಿತು. ಕಡೆಗೆ ಗೋಲು ಇಲ್ಲವೆಂದರು. ತೀರ್ಪು ಸರಿಯಾಗಿದ್ದಿರಬಹುದು. ಆದರೆ ಸಾವಿರಾರು ಜನ ಒಂದೇ ಉಸಿರಿನಲ್ಲಿ ಸಂತೋಷಪಡುವ ಕ್ಷಣವೊಂದಿತ್ತಲ್ಲ, ಜೊತೆಯಲ್ಲಿ ನಿಂತ ಅಪರಿಚಿತನನ್ನೂ ತಬ್ಬಿಕೊಳ್ಳುವ ಕ್ಷಣ, ಅದು ಎಂಟು ನಿಮಿಷ ಕಾದು ಬರುವುದಿಲ್ಲ. ಗೋಲೆಂದು ಒಪ್ಪಿದ ಮೇಲೆ ಬರುವುದು ಸಂತೋಷವಲ್ಲ, ಸಮಾಧಾನ.

ಯಂತ್ರವೆಲ್ಲ ಕೆಟ್ಟದೆಂದು ನಾವು ಹೇಳುವವರಲ್ಲ. ಚೆಂಡು ಗೋಲಿನ ಗೆರೆಯನ್ನು ದಾಟಿತೇ ಎಂಬುದನ್ನು ತಿಳಿಸುವ ಯಂತ್ರವು 2013-14ರಿಂದ ಪ್ರೀಮಿಯರ್ ಲೀಗಿನಲ್ಲಿದೆ. ಅದು ರೆಫರಿಯ ಕೈಗಡಿಯಾರಕ್ಕೆ ಕೂಡಲೆ ಸುದ್ದಿ ಮುಟ್ಟಿಸುವುದು; ಆಟ ನಿಲ್ಲುವುದಿಲ್ಲ; ಅದರ ವಿಷಯದಲ್ಲಿ ಯಾರೂ ದೂರುವುದನ್ನು ನಾವು ಕೇಳಿಲ್ಲ. ಆಫ್‌ಸೈಡಿನ ಗೆರೆಯನ್ನು ಬೇಗ ಎಳೆಯುವ ಯಂತ್ರವನ್ನು 2025ರ ಏಪ್ರಿಲಿನಿಂದ ಅಲ್ಲಿ ತಂದಿರುವುದೂ ಒಳ್ಳೆಯದೇ. ಬೇಗ ಹೇಳುವ ಯಂತ್ರ ಬರಲಿ. ಕಾಯಿಸುವ ವಿಚಾರಣೆ ಕಡಿಮೆಯಾಗಲಿ. ಕಣ್ಣಿಗೆ ಕಟ್ಟುವಂಥ ಅನ್ಯಾಯವಾದರೆ ತಿದ್ದಲಿ. ಬೆರಳಗಲದ ಅನ್ಯಾಯವನ್ನು ಹುಡುಕಿ ತೆಗೆಯುವುದಕ್ಕಾಗಿ ರಸವನ್ನು ಬಲಿಗೊಡುವುದು ಯೋಗ್ಯವಲ್ಲ.

ಇವೆಲ್ಲದರ ಮೇಲೆ ಅತಿತೃಪ್ತಿಯೆಂಬುದೊಂದು ರೋಗವಿದೆ. ಚಾಂಪಿಯನ್ಸ್ ಲೀಗಿನಲ್ಲಿ 125 ಇದ್ದ ಪಂದ್ಯಗಳು 2024-25ರಿಂದ 189 ಆದುವು. ವಿಶ್ವಕಪ್ಪಿನ 64 ಪಂದ್ಯಗಳನ್ನು 2026ಕ್ಕೆ 104 ಎಂದು ಗೊತ್ತುಮಾಡಿದರು. 2025ರ ಬೇಸಗೆಯಲ್ಲಿ 32 ತಂಡಗಳ ಕ್ಲಬ್ ವಿಶ್ವಕಪ್ಪನ್ನು ಅಮೆರಿಕದಲ್ಲಿ ನಡೆಸಿದರು. ಆಟಗಾರನಿಗೆ ವಿಶ್ರಾಂತಿಯೆಂದಿದ್ದ ತಿಂಗಳೂ ಹೋಯಿತು. ದಿನವೂ ಹೋಳಿಗೆ ಬಡಿಸಿದರೆ ಬಾಣಸಿಗನೂ ದಣಿಯುವನು, ಉಣ್ಣುವವನೂ ಮುಖ ಸಿಂಡರಿಸುವನು. ಆಗ ಹೋಳಿಗೆಯ ಹೂರಣದಲ್ಲಿ ದೋಷವನ್ನು ಹುಡುಕುವುದು ಬುದ್ಧಿವಂತಿಕೆಯಲ್ಲ.

ಹೀಗಿದ್ದರೂ ಆಟವು ತನ್ನ ಶಕ್ತಿಯನ್ನು ಕಳೆದುಕೊಂಡಿಲ್ಲವೆಂಬುದಕ್ಕೆ ಈಚಿನ ಸಾಕ್ಷಿಗಳೇ ಸಾಕು. 2022ರ ಡಿಸೆಂಬರ್ 18ರಂದು ಆರ್ಜೆಂಟೈನಾ ಫ್ರಾನ್ಸ್ ದೇಶಗಳಿಗೆ ನಡೆದ ವಿಶ್ವಕಪ್ಪಿನ ಅಂತಿಮ ಪಂದ್ಯವು 3-3 ಆಗಿ ಸಮನಾಯಿತು. ಮೆಸ್ಸಿ ಎರಡು ಗೋಲು ಹೊಡೆದನು, ಎಂಬಾಪೆ ಮೂರು. ಪೆನಾಲ್ಟಿಗಳಲ್ಲಿ ಆರ್ಜೆಂಟೈನಾ ಗೆದ್ದಿತು. 2025ರ ಚಾಂಪಿಯನ್ಸ್ ಲೀಗಿನ ಉಪಾಂತ್ಯದಲ್ಲಿ ಬಾರ್ಸಿಲೋನ ಇಂಟರ್ ತಂಡಗಳು ಮೊದಲನೆಯ ಪಂದ್ಯದಲ್ಲಿ 3-3 ಆಗಿ, ಎರಡನೆಯದರಲ್ಲಿ ಇಂಟರ್ ಹೆಚ್ಚಿನ ಅವಧಿಯಲ್ಲಿ 4-3ರಿಂದ ಗೆದ್ದಿತು. ಅಲ್ಲಿ ಹದಿನೇಳು ವರ್ಷದ ಲಮೀನ್ ಯಮಾಲ್ ಎಂಬ ಹುಡುಗನು ಎದುರಾಳಿಗಳ ಮುಂದೆ ಬಂದಾಗ ಹಿಂದಿರುಗಲಿಲ್ಲ. ಒಬ್ಬನನ್ನು ದಾಟಿ ಇನ್ನೊಬ್ಬನ ಮೇಲೆ ಹೋದನು. ಆ ಅಂತಿಮ ಪಂದ್ಯದಲ್ಲಿ ಇಂಟರ್ ತಂಡವನ್ನು 5-0ರಿಂದ ಸೋಲಿಸಿದ ಪ್ಯಾರಿಸ್ ತಂಡವು ಅತ್ಯಂತ ಶಿಸ್ತಿನ ತಂಡ; ಆದರೆ ಅದರ ಎಳೆಯರಿಗೆ ಎದುರಾಳಿಯನ್ನು ಕೆಣಕುವ ಸ್ವಾತಂತ್ರ್ಯವಿತ್ತು. ಶಿಸ್ತಿಗೂ ರಸಕ್ಕೂ ವೈರವಿಲ್ಲವೆಂಬುದು ಇದರಿಂದ ತಿಳಿಯುವುದು.

ಇನ್ನು ಸಿದ್ಧಾಂತ. ಆಟವು ಕೌಶಲದಲ್ಲಿ ಬೆಳೆದಿದೆ, ಗೋಲುಗಳಲ್ಲಿ ಬೆಳೆದಿದೆ, ಆಟಗಾರನ ಕಾಲಿಗೆ ರಕ್ಷೆ ದೊರೆತಿದೆ. ಕಡಿಮೆಯಾಗಿರುವುದು ಅಪಾಯವೊಂದೇ, ಆದರೆ ಆ ಒಂದೇ ರಸದ ಮೂಲ. ಆದುದರಿಂದ ತಂದೆಯ ದೂರು ನಿಜ, ಅದಕ್ಕೆ ಅವನು ಕೊಡುವ ಕಾರಣ ತಪ್ಪು. ಆಟಗಾರರು ಸೋಮಾರಿಗಳಾದುದರಿಂದಲೂ ಕಾಲ ಕೆಟ್ಟುದರಿಂದಲೂ ಇದು ಆದುದಲ್ಲ. ಗೆಲ್ಲಲು ಬೇಕಾದುದನ್ನು ಶಿಕ್ಷಕರು ಬಹಳ ಚೆನ್ನಾಗಿ ಕಲಿತಿರುವರು. ತಕ್ಕಡಿಯನ್ನು ಸರಿಮಾಡತಕ್ಕವರು ಹಿಂದೆ ಬಿದ್ದಿರುವರು. ಆ ಅಧಿಕಾರವಿರುವುದು 1886ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ನಿಯಮ ಮಂಡಲಿಗೆ. ಅದರಲ್ಲಿ ಬ್ರಿಟನ್ನಿನ ನಾಲ್ಕು ಸಂಘಗಳಿಗೆ ಒಂದೊಂದು ಮತ, ಲೋಕದ ಉಳಿದೆಲ್ಲ ದೇಶಗಳ ಪರವಾಗಿ ಫಿಫಾ ಸಂಸ್ಥೆಗೆ ನಾಲ್ಕು ಮತ. ಆರು ಮತಗಳು ಕೂಡಿದರೆ ನಿಯಮ ಬದಲಾಗುವುದು. ಗೋಲ್‌ಕೀಪರನು ಚೆಂಡನ್ನು ಕೈಯಲ್ಲಿ 8 ಸೆಕೆಂಡಿಗಿಂತ ಹೆಚ್ಚು ಹೊತ್ತು ಹಿಡಿದರೆ ಎದುರಾಳಿಗೆ ಮೂಲೆಯ ಒದೆತವೆಂದು 2025ರಲ್ಲಿ ವಿಧಿಸಿದುದು ಅದೇ ಮಂಡಲಿ. 1925ರಲ್ಲಿಯೂ 1992ರಲ್ಲಿಯೂ ತೋರಿಸಿದ ಧೈರ್ಯವನ್ನು ಅದು ಮತ್ತೆ ತೋರಿಸಲೆಂದು ಹಾರೈಸುವೆವು.

ಗೃಹಸ್ಥರಾದ ನಮ್ಮ ವಾಚಕರು ಆ ಮಂಡಲಿಯಲ್ಲಿ ಕುಳಿತವರಲ್ಲ. ಆದರೆ ಅವರ ಕೈಯಲ್ಲಿಯೂ ಎರಡು ಕೆಲಸಗಳುಂಟು. ಒಂದು, ಪಂದ್ಯಗಳೆಲ್ಲವನ್ನೂ ನೋಡದೆ, ವಾರಕ್ಕೆ ಒಂದನ್ನು ಆರಿಸಿಕೊಂಡು, ಮಕ್ಕಳೊಡನೆ ಕುಳಿತು, ಮೊದಲಿನಿಂದ ಕಡೆಯವರೆಗೆ ನೋಡುವುದು. ಹಸಿವಿಟ್ಟುಕೊಂಡು ಕುಳಿತವನಿಗೆ ರುಚಿ ತಾನಾಗಿ ತಿಳಿಯುವುದು. ಇನ್ನೊಂದು ಇದಕ್ಕಿಂತ ಮುಖ್ಯವಾದುದು. ನಮ್ಮ ಊರುಗಳಲ್ಲಿಯೂ ಈಗ ಎಳೆಯ ಮಕ್ಕಳಿಗೆ ಕಾಲ್ಚೆಂಡನ್ನು ಕಲಿಸುವ ತರಗತಿಗಳು ನಡೆಯುತ್ತಿವೆ. ಎಂಟು ವರ್ಷದ ಹುಡುಗನೋ ಹುಡುಗಿಯೋ ಚೆಂಡನ್ನು ಒಬ್ಬಂಟಿಯಾಗಿ ಓಡಿಸಿಕೊಂಡು ಹೋಗಿ, ಮೂವರ ನಡುವೆ ನುಗ್ಗಿ, ಕಳೆದುಕೊಂಡು ಬಂದರೆ, “ಕೊಟ್ಟುಬಿಡಬೇಕಿತ್ತು” ಎಂದು ಗೆರೆಯಾಚೆಯಿಂದ ಕೂಗುವ ತಂದೆತಾಯಿಗಳನ್ನು ನಾವು ಕಂಡಿದ್ದೇವೆ. ದಯವಿಟ್ಟು ಕೂಗಬಾರದು. ಚೆಂಡನ್ನು ಕೊಡುವುದನ್ನು ಕಲಿಸಲು ಮುಂದೆ ಬೇಕಾದಷ್ಟು ಶಿಕ್ಷಕರು ಬರುವರು. ನುಗ್ಗುವ ಆಸೆ ಒಮ್ಮೆ ಆರಿಹೋದರೆ ಅದನ್ನು ಹೊತ್ತಿಸುವವರು ಯಾರೂ ಬರುವುದಿಲ್ಲ.